ಮಾತ್ರೆ ತಗೊಂಡಿದ್ದೀಯಾ?

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ರಾತ್ರಿಯ ಊಟ ಮುಗಿದಿದೆ. ದಸ್ತರ್‌ಖಾನ್ ಇನ್ನೂ ಮಡಚಿಲ್ಲ. ತಂದೆ ತೀರಿಹೋಗಿ ಎರಡು ವರ್ಷವಾಗಿದೆ. ಶಾಲೆಯಲ್ಲಿ ಪಾಠ ಹೇಳುವ ಮೂವತ್ತೈದರ ತಂಗಿ ಅಣ್ಣನ ಮುಂದೆ ಒಂದು ಮಾತು ಎತ್ತುತ್ತಾಳೆ. "ಭಾಯಿ, ಅಬ್ಬಾ ಬಿಟ್ಟುಹೋದ ಅಂಗಡಿಯಲ್ಲಿ ನನ್ನ ಪಾಲು ಯಾವಾಗ ಕೊಡ್ತೀರಿ? ಬಾಡಿಗೆಯ ಲೆಕ್ಕವನ್ನಾದರೂ ತೋರಿಸಿ." ದನಿ ಸ್ವಲ್ಪ ಏರಿದೆ, ಅಷ್ಟೆ. ಅಣ್ಣ ಉತ್ತರ ಕೊಡುವುದಿಲ್ಲ. ಹೆಂಡತಿಯ ಮುಖ ನೋಡುತ್ತಾನೆ, ತಾಯಿಯ ಮುಖ ನೋಡುತ್ತಾನೆ. ಆಮೇಲೆ ಮೆಲ್ಲಗೆ ಕೇಳುತ್ತಾನೆ: "ಇವತ್ತು ಮಾತ್ರೆ ತಗೊಂಡಿದ್ದೀಯಾ?"

ಮಾತು ಅಲ್ಲಿಗೆ ಮುಗಿಯಿತು. ಪಾಲಿನ ಪ್ರಶ್ನೆ ಪಕ್ಕಕ್ಕೆ ಸರಿಯಿತು, ಮಾತ್ರೆಯ ಪ್ರಶ್ನೆ ಮುಂದೆ ಬಂತು. ಅವಳು ಸಿಟ್ಟಾದರೆ "ನೋಡಿ, ಮತ್ತೆ ಶುರುವಾಯಿತು" ಎನ್ನುತ್ತಾರೆ. ಅತ್ತರೆ "ಇಳಿಯುತ್ತಿದ್ದಾಳೆ" ಎನ್ನುತ್ತಾರೆ. ಸುಮ್ಮನಾದರೆ "ಈಗ ಸರಿಯಾಯಿತು" ಎನ್ನುತ್ತಾರೆ. ಆಕೆಗೆ ಬೈಪೋಲಾರ್ ಕಾಯಿಲೆ ಇದೆ ಎಂದು ಆರು ವರ್ಷಗಳ ಹಿಂದೆ ವೈದ್ಯರು ಹೇಳಿದ್ದರು. ಅಂದಿನಿಂದ ಆ ಮನೆಯಲ್ಲಿ ಅವಳ ಸಿಟ್ಟಿಗೆ, ಸಂತೋಷಕ್ಕೆ, ಹಕ್ಕಿನ ಮಾತಿಗೆ ಒಂದೇ ಕಾರಣ ಉಳಿದುಕೊಂಡಿದೆ.

ಇದು ಕಲ್ಪನೆಯ ಮನೆ. ಆದರೆ ಅದರ ಬಾಗಿಲು ನಮ್ಮಲ್ಲಿ ಹಲವರಿಗೆ ಪರಿಚಯದ್ದೇ ಆಗಿರಬಹುದು. ಬೈಪೋಲಾರ್ ಕಾಯಿಲೆಯ ಬಗ್ಗೆ ನಮ್ಮ ಸಮಾಜದಲ್ಲಿ ಅನೇಕ ತಪ್ಪು ತಿಳಿವಳಿಕೆಗಳಿವೆ. ಅವುಗಳ ಪಟ್ಟಿ ಮಾಡಿ, ಒಂದೊಂದನ್ನೂ ತಿದ್ದುವುದು ವೈದ್ಯರ ಕೆಲಸ. ಅವರು ಅದನ್ನು ಮಾಡುತ್ತಲೇ ಬಂದಿದ್ದಾರೆ. ನಾವಿಲ್ಲಿ ಕೇಳಿಕೊಳ್ಳಬೇಕೆಂದಿರುವುದು ಒಂದು ನೈತಿಕ ಪ್ರಶ್ನೆಯನ್ನು. ಒಬ್ಬರ ಮನಸ್ಸಿಗೆ ಕಾಯಿಲೆ ಬಂದಾಗ ಅವರ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಕಾಯಿಲೆ ಎಲ್ಲಿ ಮುಗಿಯುತ್ತದೆ, ಮನುಷ್ಯ ಎಲ್ಲಿ ಆರಂಭವಾಗುತ್ತಾನೆ?

ಕಾಯಿಲೆ ಎಂದರೆ ಏನು?

ಮೊದಲು ಕಾಯಿಲೆಯನ್ನು ಅದರ ಅಳತೆಯಲ್ಲಿ ನೋಡೋಣ. ಬೆಳಿಗ್ಗೆ ನಗು, ಮಧ್ಯಾಹ್ನ ಸಿಡಿಮಿಡಿ, ಸಂಜೆ ಬೇಸರ ಇರುವವರನ್ನೆಲ್ಲ ಈಗ "ಅವನೊಬ್ಬ ಬೈಪೋಲಾರ್" ಎಂದು ತಮಾಷೆಗೆ ಕರೆಯುವ ರೂಢಿ ಬಂದಿದೆ. ಅದು ಸ್ವಭಾವ, ಕಾಯಿಲೆಯಲ್ಲ. ಬೈಪೋಲಾರ್ ಕಾಯಿಲೆಯಲ್ಲಿ ಮನಸ್ಥಿತಿಯ ಏರಿಳಿತ ಗಂಟೆಗಳ ಲೆಕ್ಕದ್ದಲ್ಲ, ವಾರಗಳ ಮತ್ತು ತಿಂಗಳುಗಳ ಲೆಕ್ಕದ್ದು. ವೈದ್ಯರ ಮಾನದಂಡದ ಪ್ರಕಾರ ಉನ್ಮಾದ ಅಥವಾ ಮೇನಿಯಾ ಎನ್ನಬೇಕಾದರೆ ಆ ಸ್ಥಿತಿ ಸಾಮಾನ್ಯವಾಗಿ ಕನಿಷ್ಠ 7 ದಿನ ಇರಬೇಕು. ಖಿನ್ನತೆ ಎನ್ನಬೇಕಾದರೆ ಕನಿಷ್ಠ 2 ವಾರ. ಈ ಎರಡರ ನಡುವೆ ಮನುಷ್ಯ ನಮ್ಮ ನಿಮ್ಮಂತೆಯೇ ಇರುವ ಕಾಲವಿರುತ್ತದೆ. ಸರಿಯಾದ ಚಿಕಿತ್ಸೆ ಸಿಕ್ಕಿದರೆ ಆ ಕಾಲ ಅನೇಕರಲ್ಲಿ ವರ್ಷಗಟ್ಟಲೆ ಮುಂದುವರಿಯುತ್ತದೆ. ಈ ಮಧ್ಯದ ಕಾಲವನ್ನು ನಾವು ಮರೆತುಬಿಡುತ್ತೇವೆ. ನಮ್ಮ ಹೆಚ್ಚಿನ ತಪ್ಪುಗಳು ಹುಟ್ಟುವುದು ಈ ಮರೆವಿನಿಂದ.

ಉನ್ಮಾದವೆಂದರೆ ಅತಿ ಸಂತೋಷ ಎಂದುಕೊಂಡವರೂ ಇದ್ದಾರೆ. ಆರಂಭದಲ್ಲಿ ಕೆಲವರಿಗೆ ಹಾಗೆ ಅನ್ನಿಸಬಹುದು. ಎರಡು ಮೂರು ಗಂಟೆ ಮಲಗಿದರೂ ದಣಿವಿಲ್ಲ, ಮಾತು ನಿಲ್ಲುವುದಿಲ್ಲ, ಒಂದು ಯೋಚನೆ ಮುಗಿಯುವ ಮೊದಲೇ ಇನ್ನೊಂದು ಓಡಿಬರುತ್ತದೆ. ಆಮೇಲೆ ಕೈಯಲ್ಲಿಲ್ಲದ ಹಣ ಖರ್ಚಾಗುತ್ತದೆ, ನಡುರಾತ್ರಿ ಫೋನುಗಳು ಹೋಗುತ್ತವೆ, ಮುರಿಯಬಾರದ ಸಂಬಂಧಗಳು ಮುರಿಯುತ್ತವೆ. ಅನೇಕರಲ್ಲಿ ಉನ್ಮಾದ ಕಾಣಿಸಿಕೊಳ್ಳುವುದು ನಗುವಾಗಿ ಅಲ್ಲ, ತಡೆಯಲಾಗದ ಸಿಡುಕಾಗಿ. ಖಿನ್ನತೆಯಲ್ಲಿ ಇದೆಲ್ಲ ತಲೆಕೆಳಗಾಗುತ್ತದೆ. ಎದ್ದು ಮುಖ ತೊಳೆಯುವುದೂ ಬೆಟ್ಟ ಹತ್ತಿದಂತಾಗುತ್ತದೆ. ಬದುಕಿರುವುದೇ ತಪ್ಪು ಎಂಬ ಯೋಚನೆ ಬರುತ್ತದೆ. ಈ ಕಾಯಿಲೆ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಇತರರಿಗಿಂತ ಬಹಳ ಹೆಚ್ಚು. ಆದ್ದರಿಂದ ಇದು ತಮಾಷೆಯ ವಸ್ತುವಲ್ಲ.

ಈ ಎರಡು ಸ್ಥಿತಿಗಳೂ ಒಂದೇ ಕಾಯಿಲೆಯ ಎರಡು ಮುಖಗಳೆಂದು ಮನುಷ್ಯ ಬಹಳ ಹಿಂದೆಯೇ ಗುರುತಿಸಿದ್ದ. ಪ್ರಾಚೀನ ಗ್ರೀಕ್ ವೈದ್ಯ ಅರೆಟೇಯಸ್ ಅವುಗಳ ನಂಟಿನ ಬಗ್ಗೆ ಬರೆದಿದ್ದಾನೆ. 1854ರಲ್ಲಿ ಫ್ರಾನ್ಸಿನ ಫಾಲ್ರೆ ಇದನ್ನು ಸುತ್ತಿ ಸುತ್ತಿ ಬರುವ ಕಾಯಿಲೆ ಎಂದು ವಿವರಿಸಿದರು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಲಿಥಿಯಂ ಎಂಬ ಸಾಮಾನ್ಯ ಲವಣ ಉನ್ಮಾದವನ್ನು ತಗ್ಗಿಸುತ್ತದೆ ಎಂದು ಪ್ರಕಟಿಸಿದರು. ಇಂದಿಗೂ ಅದು ಈ ಕಾಯಿಲೆಯ ಮುಖ್ಯ ಔಷಧಿಗಳಲ್ಲೊಂದು. ಆತ್ಮಹತ್ಯೆಯ ಅಪಾಯವನ್ನೂ ಅದು ತಗ್ಗಿಸುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ ಸುಮಾರು 4 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ನಮ್ಮ ದೇಶದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ಕಾಯಿಲೆ ಇರುವವರಲ್ಲಿ ಶೇ. 70ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಔಷಧಿ ಸಿಕ್ಕಿ ಆರು ದಶಕ ದಾಟಿದ ಮೇಲೂ ಹತ್ತರಲ್ಲಿ ಏಳು ಮಂದಿ ಅದರಿಂದ ದೂರ ಉಳಿದಿದ್ದರೆ, ಕೊರತೆ ವೈದ್ಯಕೀಯದ್ದು ಮಾತ್ರವೆಂದು ಹೇಳಲಾಗದು.

ಮೊದಲ ತಪ್ಪು: ಕಾಯಿಲೆಯೇ ಇಲ್ಲ ಎನ್ನುವುದು

ನಮ್ಮ ತಪ್ಪು ತಿಳಿವಳಿಕೆಗಳು ಎಷ್ಟೇ ಇದ್ದರೂ ಕೊನೆಗೆ ಎರಡು ಗುಂಪಿಗೆ ಬಂದು ಸೇರುತ್ತವೆ. ಮೊದಲನೆಯದು, ಇದು ಕಾಯಿಲೆಯೇ ಅಲ್ಲ ಎನ್ನುವುದು. ಸೋಮಾರಿತನ, ಕೊಬ್ಬು, ಮನೋಬಲದ ಕೊರತೆ, ಈಮಾನಿನ ದುರ್ಬಲತೆ, ಮಾಟ, ಜಿನ್ನ್, ದೆವ್ವ: ಹೀಗೆ ಮನೆಮನೆಗೆ ಹೆಸರು ಬದಲಾಗುತ್ತದೆ. "ಐದು ಹೊತ್ತು ನಮಾಝ್ ಮಾಡುವವನಿಗೆ ಖಿನ್ನತೆ ಹೇಗೆ ಬರುತ್ತದೆ?" ಎಂದು ಕೇಳುವವರಿದ್ದಾರೆ. "ದೇವರ ಮೇಲೆ ಭಾರ ಹಾಕಿದರೆ ಇದೆಲ್ಲ ಇರುವುದಿಲ್ಲ" ಎಂದು ಬೇರೆ ಮನೆಯಲ್ಲೂ ಹೇಳುತ್ತಾರೆ. ಐದು ಹೊತ್ತು ನಮಾಝ್ ಮಾಡುವವನಿಗೆ ಸಕ್ಕರೆ ಕಾಯಿಲೆ ಹೇಗೆ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಹಾಗೆ ನೋಡಿದರೆ ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಮುಂದಿದ್ದರು. ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಆತ್ಮ ಎರಡರ ಆರೋಗ್ಯದ ಬಗ್ಗೆಯೂ ಒಂದು ಗ್ರಂಥ ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಇಲ್ಲದೆ ಬರುವ ದುಃಖ ಬೇರೆ ಎಂದು ಅವರು ವಿಂಗಡಿಸಿದರು. ಎರಡನೆಯದರ ಮೂಲ ದೇಹದಲ್ಲಿದೆ, ಅದಕ್ಕೆ ದೇಹದ ಚಿಕಿತ್ಸೆಯೂ ಬೇಕು ಎಂದರು. 1284ರಲ್ಲಿ ಸುಲ್ತಾನ್ ಕಲಾವೂನ್ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೂ ಪ್ರತ್ಯೇಕ ವಿಭಾಗವಿತ್ತು. 1488ರಲ್ಲಿ ತುರ್ಕಿಯ ಎದಿರ್ನೆಯಲ್ಲಿ ಎರಡನೇ ಬಾಯಜೀದ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಅಂಥವರ ಶುಶ್ರೂಷೆಗೆ ಸಂಗೀತ ಮತ್ತು ನೀರಿನ ಸದ್ದನ್ನೂ ಬಳಸುತ್ತಿದ್ದರು. ಅವರ ಔಷಧಿಗಳು ಇಂದು ಹಳತಾಗಿವೆ. ಆದರೆ ಮನಸ್ಸು ಕೆಟ್ಟವನನ್ನು ಪಾಪಿಯೆಂದಲ್ಲ, ರೋಗಿಯೆಂದು ಕಾಣಬೇಕೆಂಬ ಅವರ ನಿಲುವು ಹಳತಾಗಿಲ್ಲ.

ಆ ಪರಂಪರೆ ಹೇಳಿಕೊಳ್ಳುವ ನಾವು 2001ರ ಆಗಸ್ಟ್ 6ನ್ನೂ ನೆನಪಿಟ್ಟುಕೊಳ್ಳಬೇಕು. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಹೆಸರು ನಂಬಿ ಕುಟುಂಬಗಳು ಕರೆತಂದು ಬಿಟ್ಟಿದ್ದ ಮಾನಸಿಕ ರೋಗಿಗಳನ್ನು ಖಾಸಗಿಯವರು ನಡೆಸುತ್ತಿದ್ದ ಒಂದು ಆಶ್ರಯಧಾಮದಲ್ಲಿ ಸರಪಳಿ ಹಾಕಿ ಇಡಲಾಗಿತ್ತು. ಅಂದು ಬೆಳಗಿನ ಜಾವ ಬೆಂಕಿ ಬಿತ್ತು. ಓಡಲಾಗದೆ 28 ಮಂದಿ ಸತ್ತರು.  ಅಂಥ ಸ್ಥಳಗಳಿಗೆ ಎಲ್ಲರೂ ಹೋಗುತ್ತಾರೆ. ದುಆ ಮಾಡುವುದು ತಪ್ಪಲ್ಲ. ಪ್ರಾರ್ಥನೆ ಒಡೆದ ಮನಸ್ಸಿಗೆ ಆಸರೆ ಎಂಬುದನ್ನು ರೋಗಿಗಳೇ ಹೇಳುತ್ತಾರೆ. ತಪ್ಪು ಇರುವುದು ಆಸರೆಯನ್ನು ಚಿಕಿತ್ಸೆಯ ಜಾಗದಲ್ಲಿ ಕೂರಿಸುವುದರಲ್ಲಿ.

ಇದೇ ತಪ್ಪಿನ ಇನ್ನೊಂದು ರೂಪ, "ಗುಣವಾಯಿತಲ್ಲ, ಇನ್ನೇಕೆ ಮಾತ್ರೆ?" ಎಂಬುದು. ಮಾತ್ರೆ ನುಂಗುತ್ತಿರುವುದರಿಂದಲೇ ಆಕೆ ಚೆನ್ನಾಗಿದ್ದಾಳೆ ಎಂಬುದು ನಮಗೆ ಹೊಳೆಯುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜಾಮಿಸನ್ ಈ ಕಾಯಿಲೆಯನ್ನು ಅಧ್ಯಯನ ಮಾಡಿದವರು. ಸ್ವತಃ ಆ ಕಾಯಿಲೆ ಇರುವವರು. ತಾನು ಲಿಥಿಯಂ ಬಿಟ್ಟಿದ್ದನ್ನು, ಅದರಿಂದ ಸಾವಿನ ಬಾಗಿಲ ತನಕ ಹೋಗಿ ಬಂದದ್ದನ್ನು 1995ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ಮುಚ್ಚಿಡದೆ ಬರೆದಿದ್ದಾರೆ. ಎಲ್ಲ ಗೊತ್ತಿದ್ದ ವಿದ್ವಾಂಸೆಗೇ ಮಾತ್ರೆ ಒಪ್ಪಿಕೊಳ್ಳುವುದು ಅಷ್ಟು ಕಷ್ಟವಾಯಿತೆಂದರೆ ನಮ್ಮ ಮನೆಯ ಹುಡುಗನನ್ನು "ಹಠಮಾರಿ" ಎನ್ನುವ ಮೊದಲು ನಾವು ಯೋಚಿಸಬೇಕು. ಮಾತ್ರೆಗೆ ಬೆಲೆಯೂ ಇದೆ. ಕೈ ನಡುಗುತ್ತದೆ, ಬಾಯಾರುತ್ತದೆ, ಮೈ ತೂಕ ಏರಬಹುದು. ಲಿಥಿಯಂ ತೆಗೆದುಕೊಳ್ಳುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಿ ಔಷಧಿಯ ಮಟ್ಟ, ಥೈರಾಯ್ಡ್, ಮೂತ್ರಪಿಂಡ ನೋಡಿಸಿಕೊಳ್ಳಬೇಕು. ವಾಲ್‌ಪ್ರೊಯೇಟ್ ಎಂಬ ಇನ್ನೊಂದು ಔಷಧಿ ಗರ್ಭಿಣಿಯ ಮಗುವಿಗೆ ಅಪಾಯಕಾರಿ. ಬರೀ ಖಿನ್ನತೆಯೆಂದು ತಿಳಿದು ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಕೆಲವರಲ್ಲಿ ಉನ್ಮಾದ ಕೆರಳುತ್ತದೆ. ಹಳೆಯ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗುವ ನಮ್ಮ ಅಭ್ಯಾಸ ಅದಕ್ಕೇ ಅಪಾಯದ್ದು.

ಉಪವಾಸದ ಪ್ರಶ್ನೆಯೂ ಇಲ್ಲೇ ಬರುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಸಹ್ರಿ, ತರಾವೀಹ್‌ಗಳಿಂದ ನಿದ್ರೆಯ ಹೊತ್ತು ಬದಲಾಗುತ್ತದೆ; ನಿದ್ರೆ ಕೆಡುವುದು ಈ ಕಾಯಿಲೆ ಮರಳಲು ಒಂದು ದೊಡ್ಡ ಕಾರಣ. ಮೊರಾಕ್ಕೋದಲ್ಲಿ ಕೆಲವೇ ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಮಝಾನಿನಲ್ಲಿ ಅವರಲ್ಲಿ ಹಲವರಿಗೆ ಕಾಯಿಲೆ ಮರುಕಳಿಸಿದ್ದು ಕಂಡುಬಂತು. 2010ರಲ್ಲಿ ಪ್ರಕಟವಾದ ಪಾಕಿಸ್ತಾನದ ಅಧ್ಯಯನವೊಂದರಲ್ಲಿ ಉಪವಾಸವಿದ್ದವರ ಲಿಥಿಯಂ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಲ್ಲರಿಗೂ ಒಂದೇ ನಿಯಮ ಹೇಳಲಾಗದು. ತಿಂಗಳು ಬರುವ ಮೊದಲೇ ವೈದ್ಯರನ್ನು ಕಾಣಬೇಕು ಎಂಬುದಷ್ಟೇ ಇದರಿಂದ ತಿಳಿಯುವುದು. ರೋಗಿಗೆ ಕುರ್‌ಆನ್ ಕೊಟ್ಟಿರುವ ರಿಯಾಯಿತಿ ಜ್ವರಕ್ಕೆ ಮಾತ್ರ ಎಂದು ಯಾರೂ ಹೇಳಿಲ್ಲ. ವೈದ್ಯರ ಮಾತು ಕೇಳಿ ಉಪವಾಸ ಬಿಟ್ಟವಳನ್ನು ಅಡುಗೆಮನೆಯಲ್ಲಿ ಚುಚ್ಚಿ ಮಾತಾಡುವವರು ದೇವರಿಗಿಂತ ಕಟ್ಟುನಿಟ್ಟಾಗಲು ಹೊರಟಿದ್ದಾರೆ.

ಎರಡನೆಯ ತಪ್ಪು: ಎಲ್ಲವೂ ಕಾಯಿಲೆಯೇ ಎನ್ನುವುದು

ಮೊದಲ ತಪ್ಪನ್ನು ದಾಟಿದ ವಿದ್ಯಾವಂತ ಮನೆಗಳಲ್ಲಿ ಎರಡನೆಯದು ಹುಟ್ಟುತ್ತದೆ. ನಾವು ಆರಂಭದಲ್ಲಿ ಕಂಡ ಮನೆ ಅಂಥದು. ಅಲ್ಲಿ ಮಾಟ ಮಂತ್ರವಿಲ್ಲ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುತ್ತಾರೆ. ಆದರೆ ಕಾಯಿಲೆಯ ಹೆಸರು ತಿಳಿದ ದಿನದಿಂದ ಅಲ್ಲಿ ಒಬ್ಬ ಮನುಷ್ಯಳು ಕಾಣೆಯಾಗಿ ಒಂದು ಕಾಯಿಲೆ ಬಂದು ಕೂತಿದೆ. ಆಕೆ ಹೊಸ ಸೀರೆ ತಂದರೆ "ಏರುತ್ತಿದೆಯೇ?" ಎಂಬ ಅನುಮಾನ. ಮದುವೆ ಮನೆಯಲ್ಲಿ ಗಟ್ಟಿಯಾಗಿ ನಕ್ಕರೆ ನಾಲ್ಕು ಜೋಡಿ ಕಣ್ಣು ಅವಳತ್ತ. ಸಿಟ್ಟಾಗುವ ಹಕ್ಕು ಮನೆಯಲ್ಲಿ ಎಲ್ಲರಿಗೂ ಇದೆ, ಆಕೆಗೆ ಮಾತ್ರ ಇಲ್ಲ.

ಮೊದಲ ತಪ್ಪು ಮಾಡಿದವರು ಆಕೆಗೆ ಚಿಕಿತ್ಸೆ ತಪ್ಪಿಸುತ್ತಾರೆ. ಎರಡನೆಯ ತಪ್ಪು ಮಾಡಿದವರು ಆಕೆಯ ಮಾತನ್ನೇ ಕಸಿಯುತ್ತಾರೆ. ಮೇಲ್ನೋಟಕ್ಕೆ ಇವು ವಿರುದ್ಧವೆನಿಸಿದರೂ ಒಂದು ವಿಷಯದಲ್ಲಿ ಅವೆರಡೂ ಒಂದೇ: ಎರಡರಲ್ಲೂ ನಮಗೆ ಆಕೆಯ ಮಾತು ಕೇಳುವ ಶ್ರಮ ತಪ್ಪುತ್ತದೆ. "ನಿನಗೇನೂ ಆಗಿಲ್ಲ" ಎಂದರೂ ಮಾತು ಮುಗಿಯುತ್ತದೆ. "ಇದೆಲ್ಲ ನಿನ್ನ ಕಾಯಿಲೆ" ಎಂದರೂ ಮುಗಿಯುತ್ತದೆ.

ಕಾನೂನು ಈ ಎರಡನೆಯ ತಪ್ಪನ್ನು ಗುರುತಿಸಿದೆ. ಮಾನಸಿಕ ಕಾಯಿಲೆಯ ಕಾರಣ ನೀಡಿ ವಿಚ್ಛೇದನ ಕೋರಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1988ರಲ್ಲೇ, ಕಾಯಿಲೆಯ ಹೆಸರೊಂದು ಅಂಟಿದೆ ಎಂಬುದಷ್ಟೇ ಸಾಲದು, ಅದರ ತೀವ್ರತೆ ಎಷ್ಟೆಂದು ನೋಡಬೇಕು ಎಂದು ತೀರ್ಪು ನೀಡಿತು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಯಿತು. ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ, ಸಮರ್ಥ ನ್ಯಾಯಾಲಯ ಹೇಳದ ಹೊರತು, ಅವರನ್ನು ಬುದ್ಧಿ ಸ್ಥಿಮಿತವಿಲ್ಲದವರೆಂದು ಭಾವಿಸಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಹಿಂದೊಮ್ಮೆ ಚಿಕಿತ್ಸೆ ಪಡೆದರೆಂಬುದೇ ಇಂದಿನ ಕಾಯಿಲೆಗೆ ಸಾಕ್ಷಿಯಾಗದು ಎಂದೂ ಹೇಳುತ್ತದೆ. ಸರಪಳಿಯನ್ನು ನಿಷೇಧಿಸುತ್ತದೆ. ಕಾನೂನು ಪುಸ್ತಕದಲ್ಲಿರುವ ಈ ಮಾತು ನಮ್ಮ ಊಟದ ಮನೆಗೆ ಇನ್ನೂ ಬಂದಿಲ್ಲ.

"ತನಕ" ಎಂಬ ಒಂದು ಮಾತು

ಆದರೆ ಅಣ್ಣನ ಪಕ್ಷದ ಮಾತನ್ನೂ ಕೇಳಬೇಕು. ಕೇಳದಿದ್ದರೆ ನಾವು ಹೇಳುವ ನ್ಯಾಯ ಅರ್ಧ ನ್ಯಾಯವಾಗುತ್ತದೆ. ಮೂರು ವರ್ಷಗಳ ಹಿಂದೆ ಅದೇ ತಂಗಿ ನಾಲ್ಕು ರಾತ್ರಿ ಮಲಗದೆ, ಶಾಲೆ ತೆರೆಯುತ್ತೇನೆಂದು ಹೊರಟು ಕೈಬಳೆ ಮಾರಿ ಯಾರಿಗೋ ಮುಂಗಡ ಕೊಟ್ಟಿದ್ದಳು. ತಡೆಯಲು ಹೋದ ತಾಯಿಗೆ ಆಡಬಾರದ ಮಾತು ಆಡಿದ್ದಳು. ಅವಳನ್ನು ಆಸ್ಪತ್ರೆಗೆ ಸೇರಿಸಲು ಓಡಾಡಿದವನು, ರಜೆ ಹಾಕಿ ಪಕ್ಕದಲ್ಲಿ ಕೂತವನು, ಸಾಲ ತೀರಿಸಿದವನು ಇದೇ ಅಣ್ಣ. ಅವನ ಪ್ರಶ್ನೆಯಲ್ಲಿ ದುರಾಸೆ ಇದ್ದೀತು. ಆದರೆ ಭಯವೂ ಇದೆ. ಆ ಭಯ ಸುಳ್ಳಲ್ಲ. ರೋಗಿಯ ಪರವಾಗಿ ಬರೆಯುವವರು ಈ ಮನೆಯವರ ದಣಿವನ್ನು ಮರೆಯಬಾರದು.

ಹಾಗಾದರೆ ಉನ್ಮಾದದಲ್ಲಿ ಆಡಿದ ಮಾತಿಗೆ, ಕಳೆದ ಹಣಕ್ಕೆ ಆಕೆ ಹೊಣೆಯೇ? ಪ್ರವಾದಿವರ್ಯರ ಒಂದು ಪ್ರಸಿದ್ಧ ವಚನದ ಸಾರ ಹೀಗಿದೆ: ನಿದ್ರಿಸುವವನು ಎಚ್ಚರಗೊಳ್ಳುವ ತನಕ, ಮಗು ಪ್ರಾಯಕ್ಕೆ ಬರುವ ತನಕ, ಬುದ್ಧಿ ಕಳೆದುಕೊಂಡವನಿಗೆ ಅದು ಮರಳುವ ತನಕ ಅವರ ಮೇಲೆ ಲೆಕ್ಕ ಬರೆಯುವುದಿಲ್ಲ. ಇದರ ಕರುಣೆಯ ಬಗ್ಗೆ ನಾವು ಬಹಳ ಮಾತಾಡುತ್ತೇವೆ. "ತನಕ" ಎಂಬ ಮಾತನ್ನು ಗಮನಿಸುವುದಿಲ್ಲ. ಬುದ್ಧಿ ಮಂಕಾಗುವುದು ಒಂದು ಕಾಲ. ಆ ಕಾಲಕ್ಕೆ ಕೊನೆಯಿದೆ. ಕೊನೆಯಾದ ಮೇಲೆ ಹೊಣೆಯೂ ಮರಳುತ್ತದೆ, ಹಕ್ಕೂ ಮರಳುತ್ತದೆ. ನಮ್ಮ ದಂಡ ಸಂಹಿತೆ ಕೂಡ ಇದನ್ನೇ ಹೇಳುತ್ತದೆ. ಹಳೆಯ ಭಾರತೀಯ ದಂಡ ಸಂಹಿತೆಯ 84ನೇ ಸೆಕ್ಷನ್, 2024ರ ಜುಲೈಯಿಂದ ಅದರ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್, ಎರಡೂ ನೋಡುವುದು ಕೃತ್ಯ ನಡೆದ ಹೊತ್ತಿನಲ್ಲಿ ಮನಸ್ಸು ಹೇಗಿತ್ತು ಎಂಬುದನ್ನು. ಆತನಿಗೆ ಹಿಂದೆ ಕಾಯಿಲೆ ಇತ್ತೇ ಎಂಬುದೊಂದನ್ನೇ ಅಲ್ಲ.

ಈ "ತನಕ"ವನ್ನು ಒಪ್ಪಿದರೆ ಆಕೆಗೂ ಒಂದು ಕರ್ತವ್ಯ ಬರುತ್ತದೆ. ಉನ್ಮಾದದ ನಡುವೆ ಆಡಿದ್ದಕ್ಕೆ ಆಕೆಯನ್ನು ಪಾಪಿ ಎನ್ನಲಾಗದು. ಆದರೆ ತಿಳಿಯಾದ ದಿನಗಳಲ್ಲಿ ಮಾತ್ರೆ ತಪ್ಪಿಸದಿರುವುದು, ನಿದ್ರೆ ಕೆಡಿಸಿಕೊಳ್ಳದಿರುವುದು, ನೋಯಿಸಿದವರ ಬಳಿ ಹೋಗಿ ಎರಡು ಮಾತು ಆಡುವುದು ಆಕೆಯ ಕೈಯಲ್ಲಿದೆ. ಇದನ್ನು ಆಕೆಯಿಂದ ನಿರೀಕ್ಷಿಸುವುದು ಕ್ರೌರ್ಯವಲ್ಲ. ನಿರೀಕ್ಷಿಸದಿರುವುದೇ ಅಗೌರವ; ಏಕೆಂದರೆ ನಾವು ಏನನ್ನೂ ನಿರೀಕ್ಷಿಸದಿರುವುದು ವಸ್ತುಗಳಿಂದ ಮಾತ್ರ.

ಮನೆಯವರಿಗೂ ಕರ್ತವ್ಯವಿದೆ. 2017ರ ಕಾಯ್ದೆ ಪ್ರತಿಯೊಬ್ಬ ವಯಸ್ಕರಿಗೂ ಮುಂಚಿತ ನಿರ್ದೇಶನ ಬರೆದಿಡುವ ಅವಕಾಶ ಕೊಟ್ಟಿದೆ. ಮುಂದೆ ತನ್ನಿಂದ ತೀರ್ಮಾನ ಮಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಮಾತಾಡುವವರು ಯಾರು ಎಂದು ನೆಟ್ಟಗಿರುವಾಗಲೇ ಬರೆದಿಡಬಹುದು. ಇದನ್ನು ಮನೆಯ ಮಟ್ಟಕ್ಕೂ ತರಬಹುದು. ತಂಗಿ ಚೆನ್ನಾಗಿರುವ ದಿನ ಅಣ್ಣ ಕೂತು ಕೇಳಲಿ: "ನಿನಗೆ ಏರುತ್ತಿದೆ ಎಂದು ನಮಗೆ ಹೇಗೆ ಗೊತ್ತಾಗಬೇಕು? ಆಗ ನಾವೇನು ಮಾಡಬೇಕು?" ಆಕೆಯೇ ಹೇಳಲಿ: "ಎರಡು ರಾತ್ರಿ ಮಲಗದಿದ್ದರೆ ನನ್ನ ಎಟಿಎಂ ಕಾರ್ಡು ಅಮ್ಮಿಯ ಹತ್ತಿರ ಇರಲಿ. ಡಾಕ್ಟರಿಗೆ ಫೋನು ಮಾಡಿ." ಆಗ ಮಾತ್ರೆಯ ಪ್ರಶ್ನೆ ಆಕೆಯ ಬಾಯಿ ಮುಚ್ಚಿಸುವ ಅಸ್ತ್ರವಾಗುವುದಿಲ್ಲ, ಆಕೆಯೇ ಒಪ್ಪಿದ ಕರಾರಾಗುತ್ತದೆ. ಒಂದೇ ಪ್ರಶ್ನೆ, ಆದರೆ ಒಂದು ಕಡೆ ಅದು ಕಾವಲು, ಇನ್ನೊಂದು ಕಡೆ ಬೀಗ.

ಮದುವೆಯ ಮಾತು

ಇದೇ ಬೆಳಕಿನಲ್ಲಿ ನಮ್ಮ ಇನ್ನೊಂದು ರೂಢಿಯನ್ನು ನೋಡಬೇಕು. "ಮದುವೆಯಾದರೆ ಸರಿಹೋಗುತ್ತದೆ" ಎಂಬ ಮಾತು ಜಾತಿ ಧರ್ಮಗಳ ಭೇದವಿಲ್ಲದೆ ನಮ್ಮಲ್ಲಿ ಹಬ್ಬಿದೆ. ಈ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಚೀಚೆ, ಅಂದರೆ ಸಂಬಂಧ ಹುಡುಕುವ ವಯಸ್ಸಿನಲ್ಲೇ. ವಿಷಯ ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಹೊಸ ಮನೆಯಲ್ಲಿ ಗುಟ್ಟು ರಟ್ಟಾಗದಿರಲೆಂದು ಮಾತ್ರೆ ನಿಲ್ಲಿಸುತ್ತಾರೆ. ಮದುವೆಯ ಓಡಾಟದಲ್ಲಿ ನಿದ್ರೆ ಕೆಡುತ್ತದೆ. ವರ್ಷದಲ್ಲಿ ಹೆರಿಗೆ, ಹೆರಿಗೆಯ ನಂತರದ ವಾರಗಳು ಈ ಕಾಯಿಲೆ ಮರುಕಳಿಸುವ ದೊಡ್ಡ ಅಪಾಯದ ಕಾಲ. ಅಲ್ಲಿಗೆ ಎರಡು ಮನೆಗಳು ಬೀದಿಗೆ ಬರುತ್ತವೆ.

ಮುಚ್ಚಿಟ್ಟದ್ದು ತಪ್ಪು. ನಿಕಾಹ್ ಆಗಲಿ ಲಗ್ನವಾಗಲಿ, ನಿಲ್ಲುವುದು ನಂಬಿಕೆಯ ಮೇಲೆ. ಆದರೆ ನಿಜ ಹೇಳಿದ ಮನೆಯ ಬಾಗಿಲಿಗೆ ಮತ್ತೆ ಯಾರೂ ಹೋಗುವುದಿಲ್ಲ, ಆಕೆಯ ತಂಗಿಯರ ಸಂಬಂಧವೂ ತಪ್ಪುತ್ತದೆ ಎಂಬ ಸ್ಥಿತಿಯನ್ನು ಕಟ್ಟಿದವರು ಯಾರು? ನಿಜಕ್ಕೆ ಶಿಕ್ಷೆ ಕೊಡುವ ಸಮಾಜ ಸುಳ್ಳಿನಲ್ಲಿ ಪಾಲುದಾರ. ಈ ಕಾಯಿಲೆ ವಂಶದಲ್ಲಿ ಹರಿಯುವುದು ನಿಜವಾದರೂ, ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೆ ಬಹುಪಾಲು ಮಕ್ಕಳಿಗೆ ಅದು ಬರುವುದಿಲ್ಲ. ಚಿಕಿತ್ಸೆಯಲ್ಲಿದ್ದು ಸಂಸಾರ ನಡೆಸುತ್ತಿರುವವರು, ಅಂಗಡಿ, ಶಾಲೆ, ಕಚೇರಿ ನೋಡಿಕೊಳ್ಳುತ್ತಿರುವವರು ನಮ್ಮ ನಡುವೆ ಇದ್ದಾರೆ. ನಾವು ಅವರನ್ನು ಗುರುತಿಸುವುದಿಲ್ಲ, ಏಕೆಂದರೆ ಅವರು ಹೇಳಿಕೊಳ್ಳುವಷ್ಟು ಧೈರ್ಯವನ್ನು ನಾವು ಅವರಿಗೆ ಕೊಟ್ಟಿಲ್ಲ. ಕಾಯಿಲೆ ಕೈಮೀರಿದ ಗಳಿಗೆಯಲ್ಲಿ ಮಾತ್ರ ಅದು ಬೀದಿಗೆ ಕಾಣುತ್ತದೆ. ಆ ಗಳಿಗೆಯನ್ನೇ ನಾವು ಇಡೀ ಬದುಕೆಂದು ತಿಳಿಯುತ್ತೇವೆ.

ಲೆಕ್ಕದ ಪುಸ್ತಕ

ಮತ್ತೆ ಆ ಮನೆಗೆ ಹೋಗೋಣ. ತಂಗಿ ಪಾಲು ಕೇಳಿದ್ದಾಳೆ. ಅಣ್ಣ ತನ್ನನ್ನೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಆಕೆ ಮಾತ್ರೆ ನುಂಗಿದ್ದಾಳೆಯೇ ಎಂಬುದಲ್ಲ, ಆಕೆ ಹೇಳಿದ್ದು ನ್ಯಾಯವೇ ಎಂಬುದು. ನ್ಯಾಯವಾದ ಮಾತು ಜ್ವರದಲ್ಲಿ ಆಡಿದರೂ ನ್ಯಾಯವೇ. ಆಕೆ ಆ ಹೊತ್ತಿಗೆ ನಿಜವಾಗಿಯೂ ಉನ್ಮಾದದಲ್ಲಿದ್ದರೆ ಹಣವನ್ನು ಅಂದೇ ಕೈಗಿಡದೆ ಇರುವುದು ಸರಿಯಾದೀತು. ಕುರ್‌ಆನಿನ ಸೂರ ಅನ್ನಿಸಾದಲ್ಲಿ ವಿವೇಚನೆ ಇಲ್ಲದವರ ಕೈಗೆ ಸಂಪತ್ತು ಕೊಡಬೇಡಿರೆಂಬ ಎಚ್ಚರಿಕೆ ಇದೆ. ಆದರೆ ಅದೇ ಉಸಿರಿನಲ್ಲಿ ಅವರಿಗೆ ಉಣಬಡಿಸಿ, ಉಡಿಸಿ, ಅವರೊಡನೆ ಒಳ್ಳೆಯ ಮಾತಾಡಿ ಎಂಬ ಆದೇಶವೂ ಇದೆ. ಅದರ ಮುಂದಿನ ವಚನದಲ್ಲಿ ಅನಾಥರ ಸಂಪತ್ತಿನ ಬಗ್ಗೆ ಹೇಳುತ್ತಾ, ಅವರಲ್ಲಿ ವಿವೇಚನೆ ಕಂಡಾಗ ಸಾಕ್ಷಿಗಳ ಮುಂದೆ ಅದನ್ನು ಒಪ್ಪಿಸಬೇಕೆಂದಿದೆ. ಕಾಯುವವನು ಒಡೆಯನಲ್ಲ. ಪಾಲು ಎಷ್ಟು, ಬಾಡಿಗೆ ಎಷ್ಟು ಬಂತು, ಎಲ್ಲಿದೆ ಎಂಬ ಲೆಕ್ಕ ಬರೆದಿಡಲು ಯಾವ ಕಾಯಿಲೆಯೂ ಅಡ್ಡಿಯಿಲ್ಲ.

ಓದುಗರಲ್ಲಿ ಯಾರಿಗಾದರೂ, ಅಥವಾ ಅವರ ಮನೆಯವರಿಗೆ, ಈ ಕಾಯಿಲೆಯ ಲಕ್ಷಣ ಕಂಡರೆ ತಡಮಾಡಬೇಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ ಇದೆ. ಅದರ ಸಂಖ್ಯೆ 14416, ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾವಿನ ಮಾತು ಆಡುವವರನ್ನು ಒಂಟಿಯಾಗಿ ಬಿಡಬೇಡಿ. ಮಾತಿಗೆ ಹೇಳುತ್ತಾರೆ ಎಂದು ತಳ್ಳಿಹಾಕಲೂ ಬೇಡಿ.

ಇನ್ನು ಆ ಅಣ್ಣ. ಅವನು ಕೆಟ್ಟವನಲ್ಲ, ದಣಿದವನು. ಅಂದು ರಾತ್ರಿ ಅವನು ಹೀಗೂ ಮಾಡಬಹುದಿತ್ತು. ಒಳಗೆ ಹೋಗಿ ಬಾಡಿಗೆಯ ಪುಸ್ತಕ ತಂದು ತಂಗಿಯ ಮುಂದಿಟ್ಟು, "ನೋಡು, ಇಲ್ಲಿದೆ ಲೆಕ್ಕ. ನಾಳೆ ಬೆಳಿಗ್ಗೆ ಇಬ್ಬರೂ ಕೂತು ಮಾತಾಡೋಣ" ಎನ್ನಬಹುದಿತ್ತು. ಅದಾದ ಮೇಲೆ, ಮಲಗಲು ಹೊರಟವಳನ್ನು ಕರೆದು, "ಮಾತ್ರೆ ತಗೊಂಡಿದ್ದೀಯಾ?" ಎಂದು ಕೇಳಬಹುದಿತ್ತು. ಆಗ ಅದೇ ಮಾತು ಬೀಗದ ಸದ್ದಾಗಿ ಕೇಳಿಸುತ್ತಿರಲಿಲ್ಲ. ಅಣ್ಣನೊಬ್ಬ ತಂಗಿಯನ್ನು ಕೇಳುವ ಮಾತಾಗಿಯೇ ಕೇಳಿಸುತ್ತಿತ್ತು.